ಕಣ್ಣು ಮಂದವಾದ ಮೇಲೆ ಯಾವ ಬಾಗಿಲು ಮೊದಲು? ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯವರಿಗೊಂದು ಸಮಗ್ರ ಮಾರ್ಗದರ್ಶಿ

"ಇನ್ನ ನಮ್ಮ ಕೈಯಾಗ ಏನಿಲ್ಲ ನೋಡ್ರಿ. ಇದ್ದಷ್ಟು ಉಳಿಸಿಕೊಂಡು ಹೋಗೋಣ, ಡ್ರಾಪ್ಸ್ ಮಾತ್ರ ತಪ್ಪಿಸಬ್ಯಾಡ್ರಿ" ಎಂದು ಡಾಕ್ಟರು ಚೀಟಿ ಮಡಚಿ ಕೈಗಿಟ್ಟರು. ದೊಡ್ಡಪ್ಪ ಏನೂ ಮಾತಾಡದೆ ಎದ್ದರು, ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಂಡೇ ಹೊರಗೆ ಬಂದರು. ಗಂಗಾವತಿಯ ರೈಸ್‌ಮಿಲ್ಲೊಂದರಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರು. ಅವರದು ಗ್ಲಾಕೋಮಾ, ಅಂಚಿನಿಂದ ನೋಟ ಕಿರಿದಾಗುತ್ತ ಬರುವ ಕಣ್ಣಿನ ರೋಗ. ಲೆಕ್ಕದ ಪುಸ್ತಕದ ಅಂಕಿ ಕಾಣುತ್ತಿತ್ತು, ಪಕ್ಕದಲ್ಲಿ ನಿಂತ ಎಮ್ಮೆ ಕಾಣುತ್ತಿರಲಿಲ್ಲ.

ಮುಂದೆ ಎಲ್ಲಿಗೆ ಹೋಗಬೇಕು ಎಂದು ಅಂದು ಯಾರೂ ಹೇಳಲಿಲ್ಲ. ಡಾಕ್ಟರ ಕೆಲಸ ಕಣ್ಣಿನದು. ಕಣ್ಣು ಹೋದ ಮನುಷ್ಯನ ಕೆಲಸ ಬೇರೆ ಕಚೇರಿಗಳದು, ಮತ್ತು ಆ ಕಚೇರಿಗಳು ಒಂದರ ವಿಳಾಸ ಇನ್ನೊಂದಕ್ಕೆ ಹೇಳುವುದಿಲ್ಲ. ಎರಡು ವರ್ಷ ಓಡಾಡಿ ನಾವು ಕಲಿತದ್ದನ್ನು, ನಾವು ಓಡಾಡಿದ ಕ್ರಮದಲ್ಲಲ್ಲ, ಓಡಾಡಬೇಕಿದ್ದ ಕ್ರಮದಲ್ಲಿ ಇಲ್ಲಿ ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ನಮ್ಮ ಕಡೆ ಬಹಳ ಮನೆಯವರು ಪಿಂಚಣಿ ಮಂಜೂರಾದ ದಿನ ಫೈಲು ಮುಚ್ಚುತ್ತಾರೆ. ನನ್ನ ಪ್ರಕಾರ ಪಿಂಚಣಿ ಅರ್ಧ ದಾರಿ. ಉಳಿದರ್ಧ ಕೋಲು ಹಿಡಿದು ನಡೆಯುವುದು, ಫೋನನ್ನು ಕಿವಿಯಿಂದ ಓದುವುದು.

ಮೊದಲು: ಕಣ್ಣಿನ ಸ್ಥಿತಿಯನ್ನು ಅಂಕಿಯಲ್ಲಿ ಬರೆಸಿಕೊಳ್ಳಿ

"ಕಣ್ಣು ಕಾಣ್ಸಂಗಿಲ್ರಿ" ಎಂಬ ಮಾತಿಗೆ ಯಾವ ಕಚೇರಿಯಲ್ಲೂ ಬೆಲೆಯಿಲ್ಲ. ಬೇಕಾದದ್ದು ಅಂಕಿ. ಚೀಟಿಯಲ್ಲಿ 6/60 ಎಂದಿದ್ದರೆ, ಸರಿಯಾದ ಕಣ್ಣಿಗೆ 60 ಮೀಟರ್ ದೂರದಿಂದ ಕಾಣುವ ಅಕ್ಷರ ಇವರಿಗೆ 6 ಮೀಟರ್‌ಗೆ ಬಂದರೆ ಮಾತ್ರ ಕಾಣುತ್ತದೆ ಎಂದರ್ಥ. ಎರಡೂ ಕಣ್ಣಿನದ್ದು ಬೇರೆಬೇರೆ ಬರೆದಿರಬೇಕು, ಅದೂ ಸರಿಯಾದ ಕನ್ನಡಕ ಹಾಕಿಸಿ ನೋಡಿದ್ದಿರಬೇಕು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದನ್ನು ಎರಡು ಭಾಗ ಮಾಡಿದೆ. ಚೆನ್ನಾಗಿರುವ ಕಣ್ಣಿನಲ್ಲೂ, ಕನ್ನಡಕ ಹಾಕಿದ ಮೇಲೂ, 3/60ಕ್ಕಿಂತ ಕಡಿಮೆ ಇದ್ದರೆ ಅಂಧತ್ವ. 6/18ರಿಂದ ಕೆಳಗೆ 3/60ರವರೆಗೆ ಇದ್ದರೆ ಮಂದದೃಷ್ಟಿ. ಇಷ್ಟು ಎಲ್ಲರಿಗೂ ಗೊತ್ತಿರುತ್ತದೆ. ಗೊತ್ತಿರದ ಭಾಗ ಮುಂದಿನದು: ನೋಟದ ಅಗಲವೂ ಲೆಕ್ಕಕ್ಕಿದೆ. ಅಗಲ 40 ಡಿಗ್ರಿಗಿಂತ ಕಡಿಮೆಯಾದರೆ ಮಂದದೃಷ್ಟಿ, 10 ಡಿಗ್ರಿಗಿಂತ ಕಡಿಮೆಯಾದರೆ ಅಂಧತ್ವ, ಬೋರ್ಡಿನ ಅಕ್ಷರ ಎಷ್ಟೇ ಚೆನ್ನಾಗಿ ಓದಲಿ.

ನಾವು ಎಡವಿದ್ದು ಇಲ್ಲೇ. ಅಂಗವೈಕಲ್ಯದ ಸರ್ಟಿಫಿಕೇಟಿಗೆಂದು ಮೊದಲ ಸಲ ತಪಾಸಣೆಗೆ ಹೋದಾಗ ದೊಡ್ಡಪ್ಪ ಗೋಡೆಯ ಬೋರ್ಡನ್ನು ಕೆಳಗಿನ ಸಾಲಿನವರೆಗೆ ಗಟ್ಟಿ ದನಿಯಲ್ಲಿ ಓದಿಬಿಟ್ಟರು. ಲೆಕ್ಕ ಬರೆದವರ ಹೆಮ್ಮೆ! "ಇವರಿಗೆ ಬರಂಗಿಲ್ಲ" ಎಂದು ವಾಪಸ್ ಕಳಿಸಿದರು. ಆಮೇಲೆ ಫೀಲ್ಡ್ ಟೆಸ್ಟ್ ಮಾಡಿಸಿದೆವು. ಬಟ್ಟಲಿನಂಥ ಯಂತ್ರದಲ್ಲಿ ಗದ್ದ ಇಟ್ಟು ಕೂರಿಸಿ, ಬೆಳಕಿನ ಚುಕ್ಕೆ ಕಂಡಾಗೆಲ್ಲ ಗುಂಡಿ ಒತ್ತಿಸುತ್ತಾರೆ. ಮುದ್ರಿಸಿ ಕೊಟ್ಟ ಕಾಗದದ ತುಂಬ ಕಪ್ಪು, ನಡುವೆ ಕಾಸಿನಷ್ಟು ಬಿಳಿ. ಅದನ್ನು ಇಟ್ಟ ಮೇಲೆ ಬರೆದದ್ದು ಶೇ. 90 ಅಂಗವೈಕಲ್ಯ. ಆದ್ದರಿಂದ ಗ್ಲಾಕೋಮಾ ಇರುವವರು, ಇರುಳುಗಣ್ಣಿನಿಂದ ಶುರುವಾಗಿ ನೋಟ ಕಿರಿದಾಗುತ್ತ ಬಂದವರು ಫೀಲ್ಡ್ ಟೆಸ್ಟಿನ ಕಾಗದ ಇಲ್ಲದೆ ಸರ್ಟಿಫಿಕೇಟಿಗೆ ಹೋಗಲೇಬೇಡಿ.

ಇನ್ನೆರಡು ಮಾತು. ಪೊರೆಯಿಂದ ಕಣ್ಣು ಮಂದವಾಗಿದ್ದರೆ ಮೊದಲು ಆಪರೇಷನ್; ಸರಿಹೋಗುವ ಕಣ್ಣಿಗೆ ಸರ್ಟಿಫಿಕೇಟ್ ಕೊಡುವುದಿಲ್ಲ, ಕೇಳಲೂಬಾರದು. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಸರಿಯಿದ್ದರೆ ಲೆಕ್ಕ ಶೇ. 30ಕ್ಕೆ ನಿಲ್ಲುತ್ತದೆ, ಹೆಚ್ಚಿನ ಸೌಲಭ್ಯಗಳಿಗೆ ಶೇ. 40 ಬೇಕು. ಭತ್ತದ ರಾಶಿ ಮಾಡುವಾಗ ಹೊಟ್ಟು ಸಿಡಿದು, ಕಣ್ಣು ಹುಣ್ಣಾಗಿ, ಒಂದು ಕಣ್ಣು ಕಳೆದುಕೊಂಡವರು ಸಿಂಧನೂರು, ಕಾರಟಗಿ ಕಡೆ ಬೇಕಾದಷ್ಟು ಮಂದಿ. ಅವರಿಗೆ ಈ ಲೆಕ್ಕ ಅನ್ಯಾಯವೆನಿಸುತ್ತದೆ, ನನಗೂ ಎನಿಸುತ್ತದೆ. ಆದರೆ ಏಜೆಂಟರಿಗೆ ದುಡ್ಡು ಕೊಟ್ಟು ನಲವತ್ತು ಮಾಡಿಸಲು ಹೋಗಬೇಡಿ. ಮರುತಪಾಸಣೆಯಾದರೆ ಸಿಕ್ಕಿಬೀಳುವವರು ನೀವು, ಏಜೆಂಟರಲ್ಲ.

ಗ್ಲಾಕೋಮಾ ರಕ್ತಸಂಬಂಧದಲ್ಲಿ ಬರುವ ರೋಗ. ಒಡಹುಟ್ಟಿದವರು, ಮಕ್ಕಳು ನಲವತ್ತು ದಾಟುತ್ತಲೇ ಕಣ್ಣಿನ ಒತ್ತಡ ನೋಡಿಸಬೇಕು. ನಮ್ಮಪ್ಪನನ್ನು ಕರೆದುಕೊಂಡು ಹೋಗಲು ನಾನು ಪಟ್ಟ ಪಾಡು ಇನ್ನೊಂದು ಕಥೆ.

ಎರಡನೆಯದು: ಯುಡಿಐಡಿ ಕಾರ್ಡ್

ಹಳೆಯ ಕಾಗದದ ಸರ್ಟಿಫಿಕೇಟಿನ ಕಾಲ ಮುಗಿಯಿತು. 2021ರ ಜೂನ್ 1ರಿಂದ ಅಂಗವೈಕಲ್ಯ ಪ್ರಮಾಣಪತ್ರವನ್ನು ಯುಡಿಐಡಿ ಜಾಲತಾಣದ ಮೂಲಕವೇ ಕೊಡುತ್ತಾರೆ. ಯುಡಿಐಡಿ ಎಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಕಾರ್ಡ್, ಸ್ವಾವಲಂಬನ್ ಕಾರ್ಡ್ ಎಂದೂ ಅದಕ್ಕೆ ಹೆಸರಿದೆ. ಕಾರ್ಡಿನ ಪಟ್ಟಿ ಶೇ. 40ಕ್ಕಿಂತ ಕಡಿಮೆಯಿದ್ದರೆ ಬಿಳಿ, 40ರಿಂದ 79ರವರೆಗೆ ಹಳದಿ, 80 ಮತ್ತು ಮೇಲಿದ್ದರೆ ನೀಲಿ.

ಮೊದಲು ಆನ್‌ಲೈನ್ ಅರ್ಜಿ: ಆಧಾರ್, ಇತ್ತೀಚಿನ ಫೋಟೋ, ಸಹಿ ಇಲ್ಲವೆ ಹೆಬ್ಬೆಟ್ಟು, ವಿಳಾಸದ ಪುರಾವೆ. ಮೊಬೈಲ್ ನಂಬರ್ ಮನೆಯಲ್ಲಿ ಖಾಯಂ ಇರುವವರದ್ದೇ ಕೊಡಿ. ನಾವು ಆನ್‌ಲೈನ್ ಅಂಗಡಿಯ ಹುಡುಗನ ನಂಬರ್ ಹಾಕಿಸಿದ್ದೆವು. ಒಟಿಪಿ, ಸಂದೇಶ ಎಲ್ಲ ಅವನಿಗೇ ಹೋಗಿ, ಅವನು ಅಂಗಡಿ ಬಿಟ್ಟು ಬೆಂಗಳೂರು ಸೇರಿದ ಮೇಲೆ ನಮ್ಮ ಅರ್ಜಿಯ ಗತಿ ತಿಳಿಯಲು ತಿಂಗಳು ಹಿಡಿಯಿತು.

ಆಮೇಲೆ ಆಸ್ಪತ್ರೆಯ ತಪಾಸಣೆ. ನಮ್ಮ ಮೂರೂ ಜಿಲ್ಲೆಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇರುವುದು ಪುಣ್ಯ: ಬಳ್ಳಾರಿಯಲ್ಲಿ ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ ಆಸ್ಪತ್ರೆ, ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್. ಕಣ್ಣಿನ ವಿಭಾಗದವರು ಸರ್ಟಿಫಿಕೇಟಿಗೆ ವಾರದ ಯಾವ ದಿನ ಕೂರುತ್ತಾರೆ ಎಂದು ಮೊದಲೇ ಫೋನ್ ಮಾಡಿಯೋ, ಹಿಂದೆ ಹೋಗಿಬಂದವರನ್ನು ಕೇಳಿಯೋ ಖಾತ್ರಿ ಮಾಡಿಕೊಂಡು ಹೋಗಿ. ಮೊದಲ ಬಸ್ಸಿಗೆ ಹೋಗಿ, ಬುತ್ತಿ ಕಟ್ಟಿಕೊಂಡು ಹೋಗಿ. ಕಣ್ಣಿಗೆ ಔಷಧಿ ಹಾಕಿ ಪಾಪೆ ಅಗಲ ಮಾಡಿದರೆ ಮಧ್ಯಾಹ್ನದ ಬಿಸಿಲಲ್ಲಿ ಕಣ್ಣು ಬಿಡಲಾಗುವುದಿಲ್ಲ. ಟೋಪಿಯೋ ಟವೆಲ್ಲೋ ಜೊತೆಗಿರಲಿ.

ಹೊಸಪೇಟೆ, ಹಡಗಲಿ, ಕೂಡ್ಲಿಗಿ ಕಡೆಯವರು ನೆನಪಿಡಿ: 2021ರಿಂದ ನೀವು ವಿಜಯನಗರ ಜಿಲ್ಲೆ. ಆಧಾರ್‌ನಲ್ಲಿ ಇನ್ನೂ ಬಳ್ಳಾರಿ ಎಂದಿದ್ದರೆ ಅರ್ಜಿ ಹಾಕುವ ಮೊದಲು ಅದನ್ನು ಸರಿಮಾಡಿಸಿಕೊಳ್ಳುವುದು ಒಳ್ಳೆಯದು. ಕಾರ್ಡಿನಲ್ಲಿ ಅವಧಿ ಬರೆದಿದ್ದರೆ ಅದು ಮುಗಿಯುವ ಮೊದಲೇ ಮರುತಪಾಸಣೆಗೆ ಹೋಗಬೇಕು.

ಮೂರನೆಯದು: ನಿಮ್ಮ ಪಂಚಾಯಿತಿಯ ವಿಆರ್‌ಡಬ್ಲ್ಯೂ ಯಾರು?

ನಮಗೆ ಇದು ತಿಳಿದದ್ದು ಎಲ್ಲ ಮುಗಿದ ಮೇಲೆ. ಗ್ರಾಮ ಪಂಚಾಯಿತಿಗೊಬ್ಬರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿರುತ್ತಾರೆ. ಎಲ್ಲರ ಬಾಯಲ್ಲೂ ವಿಆರ್‌ಡಬ್ಲ್ಯೂ. ಅವರ ಮೇಲೆ ತಾಲ್ಲೂಕು ಪಂಚಾಯಿತಿಯಲ್ಲಿ ಎಂಆರ್‌ಡಬ್ಲ್ಯೂ, ಪಟ್ಟಣದಲ್ಲಿದ್ದರೆ ಯುಆರ್‌ಡಬ್ಲ್ಯೂ. ಇವರಲ್ಲಿ ಹೆಚ್ಚಿನವರು ಸ್ವತಃ ವಿಕಲಚೇತನರು, ಸಿಗುವುದು ಸಣ್ಣ ಗೌರವಧನ. ಯಾವ ಕಾಗದ ಯಾವ ಟೇಬಲ್ಲಿಗೆ ಹೋಗಬೇಕು ಎಂಬುದು ಅವರಿಗೆ ಬಾಯಿಪಾಠ. ನಮ್ಮ ಊರಿನವರು ಕಾಲು ಎಳೆಯುತ್ತ, ಮೂರು ಗಾಲಿಯ ಸ್ಕೂಟರಿನಲ್ಲಿ ಬಂದು ದೊಡ್ಡಪ್ಪನ ಕಟ್ಟೆಯ ಮೇಲೆ ಕೂತು ಚಹಾ ಕುಡಿದು ಹೇಳಿದ್ದು: "ಯಜಮಾನ್ರ, ಎರಡು ವರ್ಷದಿಂದ ನನ್ನ ಪಟ್ಟಿಯಾಗ ನಿಮ್ಮ ಹೆಸರ ಇಲ್ಲಲ್ರೀ!"

ಪಟ್ಟಿಯಲ್ಲಿ ಹೆಸರಿರಬೇಕು, ಅಷ್ಟೇ ಗುಟ್ಟು. ಸಲಕರಣೆ ಶಿಬಿರ, ಪಂಚಾಯಿತಿ ಅನುದಾನ, ತರಬೇತಿ ಎಲ್ಲಕ್ಕೂ ಕರೆ ಹೋಗುವುದು ಆ ಪಟ್ಟಿಯವರಿಗೆ. ಜಿಲ್ಲಾ ಮಟ್ಟದಲ್ಲಿ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಲ್ಯಾಣಾಧಿಕಾರಿ ಇರುತ್ತಾರೆ. ಆದರೆ ಅಲ್ಲಿಗೆ ನೇರ ಹೋಗುವುದಕ್ಕಿಂತ ವಿಆರ್‌ಡಬ್ಲ್ಯೂ ಕೈಯಲ್ಲಿ ಒಂದು ಫೋನ್ ಮಾಡಿಸಿ ಹೋದರೆ ಒಂದು ಸುತ್ತು ಉಳಿಯುತ್ತದೆ.

ನಾಲ್ಕನೆಯದು: ಪಿಂಚಣಿ, ಬಸ್ಸು, ರೈಲು

ಮಾಸಾಶನದ ಅರ್ಜಿ ನಾಡಕಚೇರಿಯಲ್ಲಿ. ಯುಡಿಐಡಿ, ಆಧಾರ್, ರೇಷನ್ ಕಾರ್ಡ್, ಆದಾಯ ಪ್ರಮಾಣಪತ್ರ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ. ಹೆಸರು ಎಲ್ಲದರಲ್ಲೂ ಒಂದೇ ಥರ ಇದೆಯೇ ನೋಡಿಕೊಳ್ಳಿ. ಒಂದರಲ್ಲಿ 'ಈರಪ್ಪ', ಇನ್ನೊಂದರಲ್ಲಿ 'ವೀರಪ್ಪ' ಇದ್ದರೆ ಅರ್ಜಿ ಅಲ್ಲೇ ಮಲಗುತ್ತದೆ. ಅರ್ಹತೆ ಶೇ. 40ರಿಂದ ಶುರು, ಶೇ. 75 ದಾಟಿದವರಿಗೆ ಮೊತ್ತ ಹೆಚ್ಚು. ಅಂಧ ತಾಯಂದಿರಿಗೆ ಮಗು ಸಾಕಲು ಶಿಶುಪಾಲನಾ ಭತ್ಯೆ ಬೇರೆ ಇದೆ. ಇದನ್ನು ಕೇಳುವವರೇ ಕಡಿಮೆ, ನಿಮ್ಮ ಓಣಿಯಲ್ಲಿ ಅಂಥ ತಾಯಿ ಇದ್ದರೆ ದಯವಿಟ್ಟು ತಿಳಿಸಿ.

ಬಸ್ಸಿಗೆ ಅಂಧರಿಗೆ ಉಚಿತ ಪಾಸ್ ಇದೆ. ನಮ್ಮ ಮೂರೂ ಜಿಲ್ಲೆ ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ ವ್ಯಾಪ್ತಿ, ಅರ್ಜಿ ಸೇವಾ ಸಿಂಧುವಿನಲ್ಲಿ. ವರ್ಷಕ್ಕೊಮ್ಮೆ ನವೀಕರಣ. ಸಂಕ್ರಾಂತಿ ಬಂತೆಂದರೆ ಪಾಸಿನ ನೆನಪಾಗಲಿ.

ರೈಲಿನಲ್ಲಿ ಸ್ಲೀಪರ್, ಮೂರನೇ ಎಸಿಯಲ್ಲಿ ಶೇ. 75 ರಿಯಾಯಿತಿ, ಜೊತೆಗೆ ಬರುವ ಒಬ್ಬರಿಗೂ ಅಷ್ಟೇ. ಆದರೆ ಅದು ದೃಷ್ಟಿ ಪೂರ್ತಿ ಇಲ್ಲದವರಿಗೆ ಮಾತ್ರ. ಕಾಸಿನಷ್ಟು ಬೆಳಕು ಉಳಿದ ದೊಡ್ಡಪ್ಪನಿಗೆ ಅದು ಸಿಗಲಿಲ್ಲ. ಅರ್ಹರು ರೈಲ್ವೆಯ ಪ್ರತ್ಯೇಕ ನಮೂನೆಗೆ ಸರ್ಕಾರಿ ಡಾಕ್ಟರ ಸಹಿ ಹಾಕಿಸಿ ರೈಲ್ವೆಯದೇ ಗುರುತಿನ ಚೀಟಿ ಮಾಡಿಸಬೇಕು. ಕೊಪ್ಪಳ, ಬಳ್ಳಾರಿಯವರಿಗೆ ಹುಬ್ಬಳ್ಳಿ ವಿಭಾಗ, ರಾಯಚೂರಿನವರಿಗೆ ಗುಂತಕಲ್ ವಿಭಾಗ. ಇದು ತಿಳಿಯದೆ ರಾಯಚೂರಿನವರು ಹುಬ್ಬಳ್ಳಿಗೆ ಹೋಗಿ ಬರಿಗೈಲಿ ಬಂದದ್ದುಂಟು.

ಐದನೆಯದು: ನಡೆಯುವುದು, ಉಣ್ಣುವುದು, ಫೋನು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಬಿಳಿ ಕೋಲು ಹಿಡಿಯಲು ದೊಡ್ಡಪ್ಪ ಆರು ತಿಂಗಳು ಒಪ್ಪಲಿಲ್ಲ. "ಊರ ಮಂದಿ ಮುಂದ ಕುರುಡಂತ ಸಾರಿಕೊಂಡು ಅಡ್ಡಾಡ್ಲೇನ?" ಚರಂಡಿಗೆ ಬಿದ್ದು ಮೊಣಕಾಲು ತರಚಿದ ಮೇಲೆ ಒಪ್ಪಿದರು. ಕೋಲಿನ ಉದ್ದ ನೆಲದಿಂದ ಎದೆಗೂಡಿನ ನಡುವಿನ ಎಲುಬಿನವರೆಗೆ ಬರಬೇಕು. ಮುದುಕರ ಊರುಗೋಲಿನಷ್ಟು ಗಿಡ್ಡದ್ದು ಕೆಲಸಕ್ಕೆ ಬರುವುದಿಲ್ಲ. ಬಲಗಾಲು ಮುಂದಿಟ್ಟಾಗ ಕೋಲಿನ ತುದಿ ಎಡಕ್ಕೆ, ಎಡಗಾಲಿಗೆ ಬಲಕ್ಕೆ. ಅಂದರೆ ಮುಂದೆ ಯಾವ ಕಾಲು ಬೀಳುತ್ತದೋ ಆ ಜಾಗವನ್ನು ಕೋಲು ಮೊದಲೇ ತಟ್ಟಿ ನೋಡಿರುತ್ತದೆ. ಹೇಳಲು ಸುಲಭ, ಕಾಲಿಗೆ ಹತ್ತಲು ವಾರಗಳು ಬೇಕು. ಮೊದಲು ಅಂಗಳ, ಆಮೇಲೆ ಗುಡಿಯವರೆಗೆ, ಆಮೇಲೆ ಬಸ್‌ಸ್ಟ್ಯಾಂಡ್. ಕಲಿಸುವವರು ಬೇಕೇಬೇಕು, ಶಿಬಿರವಿದ್ದರೆ ವಿಆರ್‌ಡಬ್ಲ್ಯೂ ಕೇಳಿ ಹೆಸರು ಹಚ್ಚಿ.

ಕೋಲು, ಬ್ರೈಲ್ ಕಿಟ್, ಸ್ಮಾರ್ಟ್‌ಕೇನ್ ಇವು ಕೇಂದ್ರದ ಅಡಿಪ್ ಯೋಜನೆಯಲ್ಲಿ ಅಲಿಮ್ಕೋ ಸಂಸ್ಥೆಯ ಶಿಬಿರಗಳಲ್ಲಿ ಸಿಗುತ್ತವೆ. ಸ್ಮಾರ್ಟ್‌ಕೇನ್ ದಿಲ್ಲಿಯ ಐಐಟಿಯಲ್ಲಿ ಹುಟ್ಟಿದ್ದು. ಮೊಣಕಾಲಿನಿಂದ ಮೇಲೆ ಅಡ್ಡ ಬರುವುದನ್ನು, ಉದಾಹರಣೆಗೆ ನಿಂತ ಟ್ರ್ಯಾಕ್ಟರಿನ ಟ್ರೇಲರ್ ಅಂಚನ್ನು, ಶಬ್ದತರಂಗದಿಂದ ಗುರುತಿಸಿ ಹಿಡಿಕೆ ನಡುಗಿಸಿ ಹೇಳುತ್ತದೆ. ಶಿಬಿರ ಎರಡಿರುತ್ತವೆ: ಮೊದಲು ಅಳತೆ ನೋಡಿ ಹೆಸರು ಬರೆದುಕೊಳ್ಳುವುದು, ತಿಂಗಳುಗಳಾದ ಮೇಲೆ ಹಂಚುವುದು. ಮೊದಲಿನದರ ಚೀಟಿ ಕಳೆದುಕೊಂಡರೆ ಎರಡನೆಯದರಲ್ಲಿ ಪರದಾಟ.

ಜೊತೆಗಿರುವವರಿಗೂ ಪಾಠವಿದೆ. ಕಾಣದವರ ಕೈ ಹಿಡಿದು ಎಳೆದುಕೊಂಡು ಹೋಗಬೇಡಿ. ನಿಮ್ಮ ಮೊಣಕೈ ಮೇಲ್ಭಾಗವನ್ನು ಅವರು ಹಿಡಿಯಲಿ, ನೀವು ಅರ್ಧ ಹೆಜ್ಜೆ ಮುಂದಿರಿ. ಮೆಟ್ಟಿಲು ಬಂದರೆ ನಿಂತು "ಮೇಲ" ಇಲ್ಲವೆ "ಕೆಳಗ" ಎನ್ನಿ. ಮನೆಯಲ್ಲಿ ಕುರ್ಚಿ, ಕೊಡ, ಮಂಚ ಇದ್ದಲ್ಲೇ ಇರಲಿ. ಸ್ವಲ್ಪ ನೋಟ ಉಳಿದವರಿಗೆ ಬಣ್ಣದ ವ್ಯತ್ಯಾಸವೇ ಕನ್ನಡಕ: ಕಟ್ಟೆಯ ಅಂಚಿಗೆ ಹಳದಿ ಪಟ್ಟಿ ಬಳಿದೆವು, ಸ್ಟೀಲ್ ಲೋಟದ ಮಜ್ಜಿಗೆಯನ್ನು ಕಡುನೀಲಿ ಲೋಟಕ್ಕೆ ಬದಲಿಸಿದೆವು.

ತಟ್ಟೆಯಲ್ಲಿ ಏನು ಎಲ್ಲಿದೆ ಎಂದು ಹೇಳಲು ಗಡಿಯಾರದ ಮುಳ್ಳಿನ ಲೆಕ್ಕ ಬಳಸಲು ಕಲಿಸುತ್ತಾರೆ. ನಮ್ಮ ದೊಡ್ಡವ್ವನಿಗೆ ಅದು ಬಗೆಹರಿಯಲಿಲ್ಲ. ಆಕೆ ತನ್ನದೇ ದಾರಿ ಹುಡುಕಿದಳು: "ರೊಟ್ಟಿ ನಿಮ್ಮ ಕಡೀಗೈತಿ, ಮೂಡಲಕ ಪಲ್ಯ, ಪಡುವಲಕ ಹಿಂಡಿ, ಬಡಗಲಕ ಉಳ್ಳಾಗಡ್ಡಿ." ಹೊಲ ಉತ್ತವರ ಮನೆಯಲ್ಲಿ ದಿಕ್ಕು ಯಾರಿಗೂ ತಪ್ಪುವುದಿಲ್ಲ. ಒಂದೇ ಶರತ್ತು, ದಿನಾ ಒಂದೇ ಜಾಗದಲ್ಲಿ ಕೂತು ಉಣ್ಣಬೇಕು.

ಇನ್ನು ಫೋನು. ಆಂಡ್ರಾಯ್ಡ್ ಫೋನಿನಲ್ಲಿ ಪರದೆ ಮೇಲಿನದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಎಂಬುದು ಪುಕ್ಕಟೆ ಬಂದೇ ಇರುತ್ತದೆ. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯಲ್ಲಿ ಆನ್ ಮಾಡಿ, ಧ್ವನಿಯ ಭಾಷೆ ಕನ್ನಡ ಇಡಿ. ಬೆರಳು ಬಲಕ್ಕೆ ಸರಿಸಿದರೆ ಮುಂದಿನದನ್ನು ಓದುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ, ಎರಡು ಬೆರಳಿಂದ ಎರಡು ಸಲ ತಟ್ಟಿದರೆ ಕರೆ ಎತ್ತುತ್ತದೆ. ಮೊದಲ ವಾರ ಕರೆ ಎತ್ತುವುದು, ಇಡುವುದು, ಅಷ್ಟೇ ಸಾಕು. ವಾಟ್ಸಾಪ್ ಆಮೇಲೆ. ಒಂದೇ ದಿನ ಎಲ್ಲ ಕಲಿಸಲು ಹೋಗಿ ನಾನು ಬೈಸಿಕೊಂಡೆ, ಫೋನು ಎರಡು ವಾರ ಕಪಾಟು ಸೇರಿತು. ಕಂಪ್ಯೂಟರಿಗೆ ಎನ್‌ವಿಡಿಎ ಎಂಬ ಓದುಗ ತಂತ್ರಾಂಶವೂ ಉಚಿತ.

ನೋಟು ಗುರುತಿಸಲು ರಿಸರ್ವ್ ಬ್ಯಾಂಕಿನ 'ಮಣಿ' ಆ್ಯಪ್ 2020ರ ಜನವರಿಯಿಂದ ಇದೆ, ನೆಟ್ ಇಲ್ಲದೆಯೂ ನಡೆಯುತ್ತದೆ. ಆದರೆ ಸಂತೆಯ ಗದ್ದಲದಲ್ಲಿ ಫೋನ್ ತೆಗೆಯುವುದಕ್ಕಿಂತ ಬೆರಳು ವಾಸಿ. ಹೊಸ ನೋಟುಗಳ ಅಗಲ ಐವತ್ತರಿಂದ ಮೇಲೆ ಒಂದೇ, 66 ಮಿಲಿಮೀಟರ್ (ಹತ್ತರದ್ದು 63), ಉದ್ದ ಬೇರೆ. ಹತ್ತರದ್ದು 123, ಐವತ್ತರದ್ದು 135, ನೂರರದ್ದು 142, ಇನ್ನೂರರದ್ದು 146, ಐನೂರರದ್ದು 150. ಜೊತೆಗೆ ನೂರು ಮತ್ತು ಮೇಲಿನ ನೋಟುಗಳ ಅಂಚಿನಲ್ಲಿ ಉಬ್ಬು ಗೆರೆಗಳಿವೆ: ನೂರಕ್ಕೆ ನಾಲ್ಕು, ಇನ್ನೂರಕ್ಕೆ ನಾಲ್ಕರ ನಡುವೆ ಎರಡು ಚುಕ್ಕೆ, ಐನೂರಕ್ಕೆ ಐದು. ಹಳೆಯ ನೋಟಿನಲ್ಲಿ ಗೆರೆ ಸವೆದಿರುತ್ತದೆ, ಆಗ ಬೆರಳಿನ ಸಂದಿಗೆ ಇಟ್ಟು ಉದ್ದವನ್ನೇ ನಂಬಬೇಕು. ದೊಡ್ಡಪ್ಪ ಈಗ ಇದರಲ್ಲಿ ನನಗಿಂತ ಚುರುಕು.

ಮನಸ್ಸಿನ ಮಾತೂ ಇದೆ. ಕಣ್ಣು ಹೋದ ಮೊದಲ ವರ್ಷ ಅವರು ಊಟ ಬಿಟ್ಟರು, ಮಾತು ಬಿಟ್ಟರು. ಅದನ್ನು ನಾವು ಸಿಟ್ಟು ಅಂದುಕೊಂಡೆವು. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಮಕ್ಕಳು, ಓದು, ಕೆಲಸ

ಮಗುವಿಗೆ ದೃಷ್ಟಿ ತೊಂದರೆಯಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಹೋಗಿ ಬಿಐಇಆರ್‌ಟಿ, ಅಂದರೆ ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರನ್ನು ಕೇಳಿ. ಸಾಮಾನ್ಯ ಶಾಲೆಯಲ್ಲೇ ಓದಿಸಲು ನೆರವಾಗುವವರು ಅವರೇ. ವಸತಿ ಶಾಲೆ ಬೇಕೆಂದರೆ ಕಲಬುರಗಿ, ಹುಬ್ಬಳ್ಳಿಯಲ್ಲಿ ಸರ್ಕಾರಿ ಅಂಧ ಮಕ್ಕಳ ಶಾಲೆಗಳಿವೆ. ಸಂಗೀತದ ಒಲವಿದ್ದರೆ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನಮ್ಮ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಇಬ್ಬರೂ ಕಣ್ಣಿಲ್ಲದೆ ನಾಡಿಗೆ ಸಂಗೀತ ಉಣಿಸಿದವರು. ಆದರೆ ಕಣ್ಣು ಕಾಣದ ಮಗು ಎಂದಾಕ್ಷಣ ಹಾರ್ಮೋನಿಯಂ ಮುಂದೆ ಕೂರಿಸುವುದೂ ಸರಿಯಲ್ಲ. ಲೆಕ್ಕದಲ್ಲಿ ಚುರುಕಿದ್ದರೆ ಲೆಕ್ಕ ಓದಲಿ.

ಪರೀಕ್ಷೆಗೆ ಬರಹಗಾರರನ್ನು ಕೇಳುವ ಹಕ್ಕಿದೆ, ಕೇಂದ್ರದ ಮಾರ್ಗಸೂಚಿಯಂತೆ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಹೆಚ್ಚುವರಿ ಸಮಯವೂ ಇದೆ. ಪರೀಕ್ಷೆ ಹತ್ತಿರ ಬಂದಾಗಲ್ಲ, ಫಾರಂ ತುಂಬುವಾಗಲೇ ಅರ್ಜಿ ಕೊಡಿ. ಕಾಲೇಜು ಓದುವವರಿಗೆ ಇಲಾಖೆ ಟಾಕಿಂಗ್ ಲ್ಯಾಪ್‌ಟಾಪ್ ಕೊಡುತ್ತದೆ. ಕೇಳಿ ಓದುವ ಪುಸ್ತಕಗಳಿಗೆ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯವಿದೆ, ಬೆಂಗಳೂರಿನ ಮಿತ್ರಜ್ಯೋತಿ ಧ್ವನಿಪುಸ್ತಕಗಳಿಗೆ ಹೆಸರಾಗಿದೆ. ಕೆಲಸದ ತರಬೇತಿಗೆ ಎನೇಬಲ್ ಇಂಡಿಯಾ, ಸಮರ್ಥನಂ ಬೆಂಗಳೂರಿನಲ್ಲಿವೆ. ಎಲ್ಲಕ್ಕೂ ಬೆಂಗಳೂರೇ ಎಂಬ ಬೇಸರ ನನಗೂ ಇದೆ, ಆದರೆ ಮೊದಲ ಮಾತುಕತೆ ಫೋನಿನಲ್ಲೇ ಆಗುತ್ತದೆ. ಕೇಂದ್ರದ ನೌಕರಿಗಳಲ್ಲಿ ವಿಕಲಚೇತನರ ಶೇ. 4 ಮೀಸಲಿನಲ್ಲಿ ಶೇ. 1 ದೃಷ್ಟಿ ತೊಂದರೆ ಇರುವವರಿಗೆ. ರಾಜ್ಯದ ನೌಕರಿಗಳಲ್ಲಿ ನಮ್ಮ ಭಾಗದವರಿಗೆ ಸಂವಿಧಾನದ 371(ಜೆ) ವಿಧಿಯ ಮೀಸಲು ಇದೆ, ಅದರದ್ದು, ಅಂಗವೈಕಲ್ಯದ್ದು ಎರಡೂ ಪ್ರಮಾಣಪತ್ರ ಕೈಯಲ್ಲಿರಲಿ.

ಆಗಲ್ಲ ಎಂದರೆ

ಒಂದು ಬ್ಯಾಂಕಿನವರು ದೊಡ್ಡಪ್ಪನಿಗೆ ಎಟಿಎಂ ಕಾರ್ಡ್ ಕೊಡಲು ಒಪ್ಪಲಿಲ್ಲ. "ಮಗನ ಹೆಸರು ಸೇರಿಸಿ ಜಂಟಿ ಮಾಡ್ಸ್ರಿ, ನಿಮ್ಮ ಒಳ್ಳೇದಕ್ಕ ಹೇಳ್ತೀವಿ" ಎಂದರು. ದೃಷ್ಟಿಯಿಲ್ಲದ ಗ್ರಾಹಕರಿಗೆ ಚೆಕ್‌ಬುಕ್, ಎಟಿಎಂ, ಲಾಕರ್, ನೆಟ್ ಬ್ಯಾಂಕಿಂಗ್ ಯಾವುದನ್ನೂ ನಿರಾಕರಿಸಬಾರದು ಎಂದು ರಿಸರ್ವ್ ಬ್ಯಾಂಕ್ 2008ರಲ್ಲೇ ಹೇಳಿದೆ. ನಾವು ಜಗಳವಾಡಲಿಲ್ಲ. ಒಂದು ಬಿಳಿ ಹಾಳೆಯಲ್ಲಿ ಅರ್ಜಿ ಬರೆದು, "ಕೊಡಂಗಿಲ್ಲ ಅನ್ನೋದನ್ನ ಇದರ ಮ್ಯಾಲೆ ಬರೆದು ಸಹಿ ಮಾಡಿಕೊಡ್ರಿ ಸರ್" ಎಂದೆವು. ಯಾರೂ ಬರೆಯಲಿಲ್ಲ. ಕಾರ್ಡ್ ಬಂತು. ಯಾವ ಕಚೇರಿಗಾದರೂ ಈ ಉಪಾಯ ನಡೆಯುತ್ತದೆ: ಬಾಯಿಮಾತು ಬೇಡ, ಅರ್ಜಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

ಅದಕ್ಕೂ ಬಗ್ಗದಿದ್ದರೆ ಬೆಂಗಳೂರಿನಲ್ಲಿ ರಾಜ್ಯ ವಿಕಲಚೇತನರ ಆಯುಕ್ತರಿದ್ದಾರೆ, ದೂರು ಅಂಚೆಯಲ್ಲೂ ಕಳಿಸಬಹುದು. ವಕೀಲರು ಬೇಕಾದರೆ ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ, ಸಹಾಯವಾಣಿ 15100. ವಿಕಲಚೇತನರಿಗೆ ಅಲ್ಲಿ ವಕೀಲರ ನೆರವು ಉಚಿತ.

ಫೈಲಿನ ವಿಷಯ ಒಂದಿದೆ. ಕಾಗದಗಳನ್ನು ನಾವು ಜೋಡಿಸಿಟ್ಟರೆ ಅವು ನಮ್ಮ ಕಾಗದಗಳಾಗುತ್ತವೆ, ಅವರದ್ದಲ್ಲ. ದೊಡ್ಡಪ್ಪ ತಮ್ಮ ಹಳೆಯ ಮಿಲ್ಲಿನ ಚೀಲದಲ್ಲಿ ತಾವೇ ಇಟ್ಟುಕೊಳ್ಳುತ್ತಾರೆ. ಪಾಸ್‌ಬುಕ್ಕಿಗೆ ರಬ್ಬರ್ ಬ್ಯಾಂಡ್ ಒಂದು ಸುತ್ತು, ಆಸ್ಪತ್ರೆ ಚೀಟಿಗಳಿಗೆ ಎರಡು. ಯುಡಿಐಡಿ ಝೆರಾಕ್ಸಿನ ಬಲಮೂಲೆ ಕತ್ತರಿಸಿದೆ, ಬಸ್‌ಪಾಸಿನ ಕವರಿಗೆ ಒಂದು ಗಂಟು ದಾರ. ಹೋದ ತಿಂಗಳು ನಾನು ಪಾಸ್‌ಬುಕ್ ಎಂಟ್ರಿ ಮಾಡಿಸಿ ತಂದು, ರಬ್ಬರ್ ಬ್ಯಾಂಡ್ ಹಾಕದೆ ಹಾಗೇ ತುರುಕಿದ್ದೆ. ಸಂಜೆ ಫೋನ್ ಬಂತು: "ತಮ್ಮಾ, ನನ್ನ ಚೀಲಕ್ಕ ಕೈ ಹಾಕಿದವರು ಯಾರು?"